ಬಿಯರ್ ಇಲ್ಲದ ಹೋಟೆಲ್

ನಾನು ಬೆಳೆದ ಮನೆಯ ಜಾಗದಲ್ಲಿ ಈಗ ಮನುಷ್ಯರೇ ಇಲ್ಲದ ಒಂದು ಅಂಗಡಿ ಇದೆ. ಹೋದ ತಿಂಗಳು ಆಫೀಸಿನ ಕೆಲಸಕ್ಕೆಂದು ಸಿಡ್ನಿಯಿಂದ ಮೆಲ್ಬರ್ನಿಗೆ ಹೋದವಳು, ಮಧ್ಯಾಹ್ನದ ಬಿಡುವಿನಲ್ಲಿ ಆ ಓಣಿಗೆ ಹೋಗಿ ನೋಡಿ ದಂಗಾದೆ. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳು, ಅವುಗಳೊಳಗೆ ಗೊಂಬೆಗಳ ರಾಶಿ, ಮೇಲಿಂದ ಇಳಿಯುವ ಒಂದು ಉಕ್ಕಿನ ಕೈ. ಕಾರ್ಡ್ ತೋರಿಸಿದರೆ ಆ ಕೈ ಇಳಿದು ಗೊಂಬೆಯನ್ನು ಹಿಡಿದಂತೆ ಮಾಡಿ ಬಿಟ್ಟುಬಿಡುತ್ತದೆ. ಊಟದ ಹೊತ್ತಿನಲ್ಲಿ ಸೂಟು ತೊಟ್ಟ ಗಂಡಸರು ಸಾಲಾಗಿ ನಿಂತು ಅದನ್ನು ಆಡುತ್ತಿದ್ದರು. ನಮ್ಮ ದೋಸೆಕಲ್ಲು ಇದ್ದ ಮೂಲೆ ಯಾವುದೆಂದು ಹುಡುಕಿದೆ. ಅಲ್ಲಿ ಗುಲಾಬಿ ಬಣ್ಣದ ಆನೆಗಳಿದ್ದವು. ಗಲ್ಲಾದಲ್ಲಿ ಯಾರೂ ಇಲ್ಲ, ಗಲ್ಲಾವೇ ಇಲ್ಲ. ನಾನು ಇಲ್ಲಿ ಇದ್ದವಳು ಎಂದು ಹೇಳಿಕೊಳ್ಳುವುದಕ್ಕಾದರೂ ಅಂಗಡಿಯಲ್ಲಿ ಒಬ್ಬ ಮನುಷ್ಯ ಬೇಡವೇ? ನನಗೆ ನಿಜವಾಗಿ ಸಿಟ್ಟು ಬಂತು. ನಾರ್ತ್ ಸಿಡ್ನಿಯಲ್ಲಿ ಇನ್ಶೂರೆನ್ಸ್ ಕರಾರುಗಳ ಇಂಗ್ಲಿಷ್ ತಿದ್ದುವುದು ನನ್ನ ಕೆಲಸ. ಒಂದು ಮಾತಿಗೆ ಎರಡು ಅರ್ಥ ಬರದ ಹಾಗೆ ನೋಡಿಕೊಂಡರೆ ನನಗೆ ಸಂಬಳ. ಆ ಕೆಲಸಕ್ಕೆ ನಾನು ತಯಾರಾದದ್ದು ಈ ಆನೆಗಳ ಜಾಗದಲ್ಲೇ ಎಂದು ಅಲ್ಲಿ ನಿಂತಾಗ ಅನ್ನಿಸಿತು.

ಆ ಓಣಿ ನನ್ನನ್ನು ಬೆಚ್ಚಿಬೀಳಿಸಿದ್ದು ಇದೇ ಮೊದಲಲ್ಲ. ಎರಡು ಎತ್ತರದ ಆಫೀಸು ಕಟ್ಟಡಗಳ ನಡುವೆ ಸಿಕ್ಕಿಹಾಕಿಕೊಂಡ, ಮಧ್ಯಾಹ್ನ ಅರ್ಧ ಗಂಟೆ ಮಾತ್ರ ಬಿಸಿಲು ಬೀಳುವ ಓಣಿ ಅದು. ಅಲ್ಲಿ ಅಂಗಡಿಗಳು ಋತುಮಾನದ ಹಾಗೆ ಬದಲಾಗುತ್ತಿದ್ದವು. ಬೆಳಿಗ್ಗೆ ಶಾಲೆಗೆ ಹೋಗುವಾಗ ದರ್ಜಿಯದ್ದಾಗಿದ್ದ ಅಂಗಡಿಯ ಗಾಜಿಗೆ ಸಂಜೆ ಬರುವಷ್ಟರಲ್ಲಿ ಕಂದು ಕಾಗದ ಅಂಟಿರುತ್ತಿತ್ತು. ಮುಂದಿನ ವಾರ ಕಾಗದ ಕಿತ್ತರೆ ಒಳಗೆ ಬಬಲ್ ಟೀ. ಹಳೇ ಪುಸ್ತಕದಂಗಡಿ ಹೋಗಿ ಫೋನು ರಿಪೇರಿ ಬಂತು, ಅದು ಹೋಗಿ ಬರೀ ಒಂದೇ ಬಗೆಯ ಚೀಸ್ ಟಾರ್ಟ್ ಮಾರುವ ಅಂಗಡಿ ಬಂತು, ಅದರ ಮುಂದೆ ಜನ ಕೊಡೆ ಹಿಡಿದು ಕ್ಯೂ ನಿಂತರು. ಒಂದೇ ತಿಂಡಿ ಮಾಡಿ ಹೇಗೆ ಬದುಕುತ್ತಾರೆ ಎಂದು ಅವ್ವ ದಿನಾ ಅಚ್ಚರಿಪಡುತ್ತಿದ್ದಳು. ಬದಲಾಗದೇ ಉಳಿದವನು ಎದುರುಗಡೆಯ ಕೋಸ್ಟಾ ಒಬ್ಬನೇ. ಬೂಟು ರಿಪೇರಿ ಮಾಡುವ ಗ್ರೀಕ್ ಮುದುಕ. ಯಾವ ಹೊಸ ಅಂಗಡಿ ಎಷ್ಟು ದಿನ ಬಾಳುತ್ತದೆ ಎಂದು ಬಾಗಿಲು ತೆರೆದ ದಿನವೇ ಭವಿಷ್ಯ ಹೇಳುತ್ತಿದ್ದ. ನಮಗೆ ಆರು ತಿಂಗಳು ಕೊಟ್ಟಿದ್ದ.

ಅಪ್ಪ ನಂಜನಗೂಡಿನವನು, ಅಡುಗೆ ಕೋರ್ಸ್ ಮಾಡಲು ಬಂದು, ಕಾಯಂ ವಾಸದ ಪಿಆರ್ ಸಿಕ್ಕ ಮೇಲೆ ಇಲ್ಲೇ ಉಳಿದವನು. ಅವ್ವ ಧಾರವಾಡದವಳು. ಕೆಳಗೆ ಆರು ಮೇಜಿನ ಅಂಗಡಿ, ಹಿಂದಿನ ಕಡಿದಾದ ಮೆಟ್ಟಿಲು ಹತ್ತಿದರೆ ಎರಡು ಕೋಣೆ. ಅದೇ ನಮ್ಮ ಮನೆ. ಮೇಲೆ ಅಡುಗೆಮನೆ ಇರಲಿಲ್ಲ. ಮೂವರೂ ಊಟ ಮಾಡುತ್ತಿದ್ದದ್ದು ಮಧ್ಯಾಹ್ನದ ಗಿರಾಕಿಗಳು ಮುಗಿದ ಮೇಲೆ, ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಕವುಚಿಟ್ಟು, ಕೊನೆಯ ಮೇಜೊಂದರಲ್ಲಿ. ಶಾಲೆ ಇದ್ದ ದಿನ ನನ್ನ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದರು. ಊಟದ ಜೊತೆಗೆ ಜಗಳವೂ ಬಡಿಸಲ್ಪಡುತ್ತಿತ್ತು. ಅಪ್ಪನ ಪ್ರಕಾರ ರೊಟ್ಟಿ ಎಂದರೆ ಅಕ್ಕಿರೊಟ್ಟಿ. ಅವ್ವನ ಪ್ರಕಾರ ಅಕ್ಕಿರೊಟ್ಟಿ ತಿನ್ನುವವರಿಗೆ ಹಲ್ಲಿರುವುದಿಲ್ಲ. ಅವಳು ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಕಟ್ಟಡದ ಸೆಕ್ಯೂರಿಟಿಯವನು ಒಮ್ಮೆ ಓಡಿ ಬಂದಿದ್ದ. ಶೇಂಗಾ ಚಟ್ನಿಯನ್ನು ಮೆನುವಿನಲ್ಲಿ ಹಾಕುವುದೋ ಬೇಡವೋ ಎನ್ನುವುದು ಇಡೀ ಒಂದು ಚಳಿಗಾಲ ನಡೆದ ವಾದ. ನಾನು ಇಬ್ಬರ ಕನ್ನಡವನ್ನೂ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಯಾರ ಪಕ್ಷವನ್ನೂ ವಹಿಸದಿರಲು ಅದು ಒಳ್ಳೆಯ ಉಪಾಯವಾಗಿತ್ತು.

ಅಂಗಡಿಗೆ ಹೆಸರಿಡುವಾಗ ನಡೆದ ಜಗಳವೇ ಎಲ್ಲಕ್ಕಿಂತ ದೊಡ್ಡದು. ಖಾನಾವಳಿ ಎಂದು ಇಡಬೇಕೆಂದು ಅವ್ವ, ಹೋಟೆಲ್ ಎಂದು ಅಪ್ಪ. ಖಾನಾವಳಿ ಎಂದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದು ಅಪ್ಪ ಹೇಳಿದರೆ, ತಿಳಿಯದಿದ್ದರೆ ಒಳಗೆ ಬಂದು ಕೇಳುತ್ತಾರೆ, ಕೇಳಿದವರು ಊಟ ಮಾಡಿಕೊಂಡು ಹೋಗುತ್ತಾರೆ ಎಂದು ಅವ್ವನ ಲೆಕ್ಕ. ಅಪ್ಪ ಕೊನೆಗೆ ವಾದಕ್ಕೆ ಮುಕ್ತಾಯ ಹಾಡಿದ.

"ಹೋಟೆಲ್ ಅಂದ್ರೆ ಇಡೀ ಪ್ರಪಂಚಕ್ಕೆ ಗೊತ್ತು ಕಣೆ. ಇದೇ ರೋಡಿನ ಮೂಲೆ ಮೂಲೆಗೂ ಹೋಟೆಲ್ ಅಂತ ಬೋರ್ಡಿದೆ, ಕೆಳಗೆ ಊಟದ ಪಟ್ಟಿ ಬರೆದಿಟ್ಟಿದಾರೆ. ನೋಡ್ಕೊಂಡು ಬಾ."

ಬೋರ್ಡುಗಳೇನೋ ಇದ್ದವು. ಅಪ್ಪ ಒಂದರ ಒಳಗೂ ಕಾಲಿಟ್ಟಿರಲಿಲ್ಲ, ಅಷ್ಟೆ. ಊರ ದೇವರ ಹೆಸರು ಸೇರಿಸಿ 'ನಂಜುಂಡ ಹೋಟೆಲ್' ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಸಣ್ಣದಾಗಿ ಬರೆಸಿ ತೂಗುಹಾಕಿದ. ಮೊದಲ ಶುಕ್ರವಾರ ಸಂಜೆ ಐದಕ್ಕೆ, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡ ಐದಾರು ಬಿಳಿಯರು ಗಲಗಲ ಮಾತಾಡುತ್ತ ಒಳಗೆ ಬಂದರು. ಅವರಲ್ಲೊಬ್ಬ ಗಲ್ಲಾದ ಮೇಲೆ ಮೊಣಕೈ ಊರಿ, ಟ್ಯಾಪ್‌ನಲ್ಲಿ ಏನಿದೆ ಎಂದು ಕೇಳಿದ. ನಲ್ಲಿಯಲ್ಲಿ ಏನಿರುತ್ತದೆ? ಅಪ್ಪ ಹೆಮ್ಮೆಯಿಂದ, ನೀರಿದೆ ಸರ್, ಫ್ರೀ, ಎಂದು ಒಂದು ಜಗ್ಗು ತುಂಬಿಸಿ ತಂದಿಟ್ಟ. ಅವರು ಜಗ್ಗನ್ನು ನೋಡಿದರು, ಗೋಡೆಯ ಮೇಲಿನ ನಂಜುಂಡನ ಪಟವನ್ನು ನೋಡಿದರು, ಮತ್ತೆ ಅಪ್ಪನನ್ನು ನೋಡಿದರು. ಎದುರಿನಿಂದ ಕೋಸ್ಟಾ ಬಂದು, ಈ ದೇಶದಲ್ಲಿ ಹೋಟೆಲ್ ಎಂದರೆ ಹೆಂಡದಂಗಡಿಯಪ್ಪ, ಟ್ಯಾಪ್ ಎಂದರೆ ಬಿಯರ್ ಬರುವ ನಲ್ಲಿ ಎಂದು ಬಿಡಿಸಿ ಹೇಳಿದಾಗ ಅಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ಕೈಯಲ್ಲಿ ಹಿಡಿದಿದ್ದ ಸೌಟು ಹಾಗೇ ನಿಂತಿತ್ತು. ಅವ್ವ ಮಾತ್ರ ಒಲೆಯ ಬಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ನಂಜುಂಡನ ಹೆಸರು ಇಟ್ಟೀರಿ, ನಂಜು ಕೇಳ್ಕೋತ ಬಂದಾರ. ಇನ್ನೇನ ಕೇಳಬೇಕಿತ್ತು?"

ದೇವರ ಹೆಸರಿನ ಬೋರ್ಡು ಇಳಿಸುವುದು ಅಪಶಕುನ ಎಂದು ಅಪ್ಪ ಹಟ ಹಿಡಿದ. ಬೋರ್ಡು ಉಳಿಯಿತು. ಆ ಗುಂಪೂ ಅಂದು ದೋಸೆ ತಿಂದು ಹೋಗಿ, ಮರುವಾರ ಇನ್ನಷ್ಟು ಜನರನ್ನು ಕರೆದುಕೊಂಡು ಬಂತು. ಬಿಯರ್ ಇಲ್ಲದ ಹೋಟೆಲ್ ಎಂದು ಓಣಿಯಲ್ಲಿ ಹೆಸರಾಯಿತು. ಸಂಜೆ ಸಾಫ್ಟ್‌ವೇರಿನವರು, ಸ್ಟೂಡೆಂಟುಗಳು, ಟ್ಯಾಕ್ಸಿಯವರು ಬರುತ್ತಿದ್ದರು. ಎಲ್ಲರೂ ನನಗೆ ಅಂಕಲ್. ಬೆಂಗಳೂರಿನ ಅಂಕಲ್, ಗಡ್ಡದ ಅಂಕಲ್, ಎರಡು ಸಲ ಸಾಂಬಾರ್ ಹಾಕಿಸಿಕೊಳ್ಳುವ ಅಂಕಲ್. ನಾನು ಗಲ್ಲಾದ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ರಶ್ ಜಾಸ್ತಿಯಾದರೆ ನನ್ನನ್ನು ಮೇಲೆ ಕಳಿಸುತ್ತಿದ್ದರು. ಭಾನುವಾರ ಆಫೀಸುಗಳೆಲ್ಲ ಮುಚ್ಚಿ ಓಣಿ ಖಾಲಿಯಾಗುತ್ತಿತ್ತು. ಟ್ರಾಮಿನ ಗಂಟೆ ಮಾತ್ರ ದೂರದಿಂದ ಕೇಳುತ್ತಿತ್ತು. ಅಂದು ನನಗೆ ಎಣ್ಣೆಸ್ನಾನ. ಅವ್ವ ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿ, ಸೀಗೆಕಾಯಿ ಹಾಕಿ ಉಜ್ಜುತ್ತಿದ್ದಳು. ಸೀಗೆಕಾಯಿ ಕಣ್ಣಿಗೆ ಹೋಗಿ ನಾನು ರಂಪ ಮಾಡುತ್ತಿದ್ದೆ. ಆಮೇಲೆ ಹೊದ್ದು ಮಲಗಿದರೆ ಅಂಥ ನಿದ್ದೆ ಮತ್ತೆ ನನಗೆ ಯಾವ ವಯಸ್ಸಿನಲ್ಲೂ ಬಂದಿಲ್ಲ.

ಶನಿವಾರಗಳಂದು ಊರಾಚೆಯ ಪಾಯಿಂಟ್ ಕುಕ್ ಬಡಾವಣೆಯಿಂದ ಸರೋಜಾ ಆಂಟಿ ಫ್ರೀವೇ ಹಿಡಿದು ಬರುತ್ತಿದ್ದರು. ವಾರಕ್ಕಾಗುವಷ್ಟು ದೋಸೆಹಿಟ್ಟು ಕಟ್ಟಿಸಿಕೊಳ್ಳುತ್ತ, ಅದರ ಜೊತೆಗೆ ಭಯವನ್ನೂ ಹಂಚಿ ಹೋಗುವುದು ಅವರ ಅಭ್ಯಾಸ. ಯಾರದೋ ಮನೆಯಲ್ಲಿ ತಾಯಿ ಮಗನಿಗೆ ಒಂದು ಏಟು ಕೊಟ್ಟಳಂತೆ, ಅವನು ಶಾಲೆಯಲ್ಲಿ ಹೇಳಿದನಂತೆ, ಸರ್ಕಾರದವರು ಬಂದು ಮಗುವನ್ನು ಕರೆದುಕೊಂಡು ಹೋದರಂತೆ. ಆ ಮನೆ ಯಾವುದು ಎಂದು ಕೇಳಿದರೆ ಅವರಿಗೂ ತಿಳಿಯದು. ಆದರೆ ಅವ್ವನಿಗೆ ಅಷ್ಟು ಸಾಕು. ಅವಳು ನನ್ನತ್ತ ಬೆರಳೆತ್ತಿದ್ದೂ ಇಲ್ಲ; ಆದರೂ ಆ ಕತೆ ಕೇಳಿದ ಮೇಲೆ ಶಾಲೆಯಲ್ಲಿ ಮನೆಯ ಸುದ್ದಿ ಎತ್ತಬೇಡ ಎಂದು ನನಗೆ ಹೇಳುತ್ತಿದ್ದಳು. ನನಗಾಗ ಒಂಬತ್ತು ವರ್ಷ. ಟ್ರಾಮಿನಲ್ಲಿ ನಾಲ್ಕು ಸ್ಟಾಪ್ ಆಚೆ ನನ್ನ ಶಾಲೆ. ಅಲ್ಲಿ ಮಿಸ್ ಕೆಲ್ಲಿ ಎಂಬ ಟೀಚರ್ ಒಂದು ದಿನ, ನಿಮ್ಮ ಮನೆಯ ಬಗ್ಗೆ ಬರೆಯಿರಿ, ನಿಜವಾದದ್ದನ್ನೇ ಬರೆಯಿರಿ, ಎಂದಳು. ನಾನು ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಇಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ.

"ನಾವು ಹೋಟೆಲಿನಲ್ಲಿ ಇರುತ್ತೇವೆ. ಅಪ್ಪ ಅವ್ವ ಇಡೀ ದಿನ ಹೋಟೆಲಿನಲ್ಲೇ ಇರುತ್ತಾರೆ. ಪ್ರತಿದಿನ ಸಂಜೆ ಹೊಸ ಹೊಸ ಅಂಕಲ್‌ಗಳು ಬರುತ್ತಾರೆ. ಅಂಕಲ್‌ಗಳು ನನಗೆ ಚಾಕಲೇಟ್ ಕೊಡುತ್ತಾರೆ. ಜನ ಜಾಸ್ತಿ ಬಂದರೆ ನನ್ನನ್ನು ಮೇಲಿನ ಕೋಣೆಗೆ ಕಳಿಸುತ್ತಾರೆ. ಭಾನುವಾರ ಅವ್ವ ನನ್ನ ತಲೆಯ ಮೇಲೆ ಬಿಸಿ ಎಣ್ಣೆ ಹಾಕುತ್ತಾಳೆ. ನನ್ನ ಕಣ್ಣು ಉರಿಯುತ್ತದೆ, ನಾನು ಅಳುತ್ತೇನೆ. ಆಮೇಲೆ ತುಂಬಾ ಹೊತ್ತು ನಿದ್ದೆ ಮಾಡುತ್ತೇನೆ."

ಕನ್ನಡದಲ್ಲಿ ಓದಿದರೆ ಇದರಲ್ಲಿ ಏನಿದೆ? ಸುಖವಾಗಿ ಬೆಳೆಯುತ್ತಿರುವ ಒಂದು ಮಗುವಿನ ದಿನಚರಿ. ಅದೇ ಮಾತುಗಳನ್ನು ಇಂಗ್ಲಿಷಿನಲ್ಲಿ ಮಿಸ್ ಕೆಲ್ಲಿಯ ಕಣ್ಣಿನಿಂದ ಓದಿದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೆಂಡದಂಗಡಿಯ ಮೇಲೆ ಒಂದು ಹುಡುಗಿ, ದಿನಾ ಸಂಜೆ ಬೇರೆ ಬೇರೆ ಗಂಡಸರು, ಕಾದ ಎಣ್ಣೆ, ಅಳು. ಮಿಸ್ ಕೆಲ್ಲಿಯನ್ನು ನಾನು ಎಂದೂ ಬೈದಿಲ್ಲ. ಅನುಮಾನ ಬಂದರೆ ತಿಳಿಸಲೇಬೇಕೆಂಬುದು ಇಲ್ಲಿನ ಟೀಚರುಗಳಿಗಿರುವ ನಿಯಮ. ಆ ಪ್ರಬಂಧ ಓದಿಯೂ ಸುಮ್ಮನಿದ್ದಿದ್ದರೆ ಅವಳು ಟೀಚರೇ ಅಲ್ಲ.

ಎರಡು ದಿನ ಬಿಟ್ಟು, ನಾನು ಶಾಲೆಯಿಂದ ಬಂದು ತಟ್ಟೆಯ ಮುಂದೆ ಕೂತಿದ್ದಾಗ, ಬೂದು ಕೋಟಿನ ಒಬ್ಬ ಹೆಂಗಸು ಬಾಗಿಲು ತಟ್ಟಿದರು. ಮಾರ್ಗರೆಟ್ ಎಂದು ಹೆಸರು ಹೇಳಿ, ಕೊರಳಿನ ಗುರುತಿನ ಚೀಟಿ ತೋರಿಸಿದರು. ಅಪ್ಪ ಅದನ್ನು ಪೂರ್ತಿ ಓದದೆ, ಅಡುಗೆಮನೆ ತಪಾಸಣೆಗೆ ಬಂದವರು ಎಂದುಕೊಂಡುಬಿಟ್ಟ. ಬನ್ನಿ ಮೇಡಂ ಎಂದು ಒಳಗೆ ಕರೆದೊಯ್ದು ಫ್ರಿಜ್ ತೆಗೆದು ಅದರ ಉಷ್ಣತೆ ಬರೆದಿಟ್ಟ ಹಾಳೆ ತೋರಿಸಿದ, ಕೈ ತೊಳೆಯುವ ಸಿಂಕ್ ತೋರಿಸಿದ, ತರಕಾರಿಗೆ ಬೇರೆ ಹಲಗೆ, ಈರುಳ್ಳಿಗೆ ಬೇರೆ ಹಲಗೆ ಎಂದು ಎತ್ತಿ ಎತ್ತಿ ತೋರಿಸಿದ. ಆಕೆ ಪಾಪ ಎಲ್ಲವನ್ನೂ ನೋಡಿದರು. ಅಪ್ಪ ಉಸಿರು ತೆಗೆದುಕೊಳ್ಳಲು ನಿಂತಾಗ, ನಾನು ನಿಮ್ಮ ಮಗಳ ವಿಷಯಕ್ಕೆ ಬಂದಿದ್ದೇನೆ ಎಂದರು. ಅಪ್ಪನ ಕೈಯಲ್ಲಿ ಇನ್ನೂ ಈರುಳ್ಳಿಯ ಹಲಗೆ ಇತ್ತು. ಅವ್ವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ 'ಡಾಟರ್' ಎಂಬ ಮಾತು ಅವಳಿಗೆ ಗೊತ್ತಿತ್ತು. ಅವಳು ಬಂದು ನನ್ನ ಕುರ್ಚಿಯ ಹಿಂದೆ ನಿಂತು, ಎರಡೂ ಕೈಗಳನ್ನು ನನ್ನ ಹೆಗಲ ಮೇಲಿಟ್ಟಳು.

ಮಾರ್ಗರೆಟ್ ನನ್ನೊಬ್ಬಳನ್ನೇ ಮಾತಾಡಿಸಬೇಕೆಂದು ಕೇಳಿ, ಕಿಟಕಿಯ ಬಳಿಯ ಮೇಜಿಗೆ ಕರೆದುಕೊಂಡು ಹೋದರು. ಮೆದು ದನಿಯ ಹೆಂಗಸು. ಫೈಲಿನಿಂದ ಕಾಗದ ತೆಗೆದರು. ನನ್ನ ದುಂಡಗಿನ ಅಕ್ಷರ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಸರೋಜಾ ಆಂಟಿಯ ಕತೆಯಲ್ಲಿ ಬರುವವರು ಇವರೇ, ಕರೆದುಕೊಂಡು ಹೋಗುವವರು. ನಾನೇ ಕಾಗದ ಬರೆದು ಕರೆಸಿಕೊಂಡಿದ್ದೇನೆ. ಇದರಲ್ಲಿ ಬರೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೀಯಾ ಎಂದು ಅವರು ಕೇಳಿದರು. ಬಿಡಿಸಿ ಹೇಳಿದ್ದರೆ ಎರಡು ನಿಮಿಷದ ಕೆಲಸ. ನಾನು ಹೇಳಿದ್ದು ಬೇರೆ. ಅದೆಲ್ಲ ಸುಳ್ಳು, ಕತೆ ಕಟ್ಟಿ ಬರೆದೆ, ಇಲ್ಲಿಗೆ ಯಾವ ಅಂಕಲ್ಲೂ ಬರುವುದಿಲ್ಲ, ಅವ್ವ ನನ್ನ ತಲೆಯನ್ನು ಮುಟ್ಟುವುದೇ ಇಲ್ಲ, ಇದು ಹೋಟೆಲ್ಲೇ ಅಲ್ಲ. ಕಿಟಕಿಯ ಆಚೆ ನಮ್ಮ ಬೋರ್ಡು ಗಾಳಿಗೆ ಅಲ್ಲಾಡುತ್ತಿತ್ತು. ಮಾರ್ಗರೆಟ್ ಅದನ್ನೂ ನೋಡಿದರು, ನನ್ನನ್ನೂ ನೋಡಿದರು.

ಆಮೇಲೆ ತಂದೆತಾಯಿಯ ಸರದಿ. ಮಗಳ ಬಾಯಿಂದ ತಾಯಿಗೆ ಅನುವಾದ ಮಾಡಿಸುವ ಹಾಗಿಲ್ಲ ಎಂದು ಅವರು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ಎಲ್ಲಿಂದಲೋ ಒಬ್ಬ ಹೆಂಗಸಿನ ಅಚ್ಚುಕಟ್ಟಾದ ಕನ್ನಡ ಹೊರಬಂತು. ತಾನು ದುಭಾಷಿ, ಇಲ್ಲಿ ಯಾರು ಏನೇ ಆಡಿದರೂ ಅದನ್ನು ಹಾಗೆಯೇ ಇನ್ನೊಂದು ಭಾಷೆಗೆ ಹೇಳುವುದು ತನ್ನ ಕೆಲಸ, ಏನನ್ನೂ ಬಿಡುವುದಿಲ್ಲ, ಏನನ್ನೂ ಸೇರಿಸುವುದಿಲ್ಲ ಎಂದು ಅವರು ಮೊದಲೇ ಹೇಳಿದರು. ಆ ಮಾತಿನ ತೂಕ ನಮಗಾರಿಗೂ ಆಗ ತಿಳಿಯಲಿಲ್ಲ. ಮಗಳು ಎಲ್ಲವನ್ನೂ ಕಲ್ಪಿಸಿಕೊಂಡು ಬರೆದೆ ಎನ್ನುತ್ತಾಳೆ, ನೀವೇನು ಹೇಳುತ್ತೀರಿ ಎಂದು ಮಾರ್ಗರೆಟ್ ಕೇಳಿದರು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಗಿ ಅಪ್ಪ, ಹೌದು ಮೇಡಂ, ಕಲ್ಪನೆ, ಮಕ್ಕಳು ನೋಡಿ, ಎಂದು ಇಂಗ್ಲಿಷಿನಲ್ಲಿ ನಗಲು ಪ್ರಯತ್ನಿಸಿದ. ಅವ್ವ ನಗಲಿಲ್ಲ. ಏನು ಬರೆದಿದ್ದಾಳೆ, ಓದಿ ಹೇಳಿ ಎಂದಳು. ಮಾರ್ಗರೆಟ್ ಒಂದೊಂದು ಸಾಲು ಓದಿದರು, ಫೋನಿನ ದನಿ ಒಂದೊಂದನ್ನೂ ಕನ್ನಡಕ್ಕೆ ತಂದಿತು. ನನ್ನ ಬರಹವನ್ನು ನಾನು ಮೊದಲ ಸಲ ಕನ್ನಡದಲ್ಲಿ ಕೇಳಿದ್ದು ಹಾಗೆ. ಅವ್ವ ಪ್ರತಿ ಸಾಲಿಗೂ ತಲೆಯಾಡಿಸುತ್ತ ಕೇಳಿ, ಕೊನೆಗೆ ತಲೆ ಎತ್ತಿದಳು.

"ಇದರಾಗ ಸುಳ್ಳ ಯಾವುದದ? ಹೋಟೆಲ್ ಖರೆ, ಅಂಕಲ್ ಬರೂದು ಖರೆ, ಎಣ್ಣಿ ಹಚ್ಚೂದು ಖರೆ. ನನ್ನ ಮಗಳು ಸುಳ್ಳ ಬರ್ಯಾಕಿ ಅಲ್ಲ."

ಅಪ್ಪ ಗಾಬರಿಯಿಂದ ಅವ್ವನ ಕೈ ಹಿಡಿದು, ಪಿಸುಗುಟ್ಟಿದಂತೆ ಹೇಳಿದ.

"ಸುಮ್ನಿರೇ. ಮಗೂನ ಎತ್ಕೊಂಡು ಹೋಗ್ತಾರೆ."

ಫೋನಿನ ದನಿ ತಾನು ಹೇಳಿದ ನಿಯಮಕ್ಕೆ ತಪ್ಪದೆ, ಅವ್ವನ ಮಾತನ್ನೂ ಅದರ ಹಿಂದೆಯೇ ಅಪ್ಪನ ಪಿಸುಮಾತನ್ನೂ ಅಷ್ಟೇ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಇಡೀ ಅಂಗಡಿಗೆ ಕೇಳುವಂತೆ ಹೇಳಿತು. ಅಪ್ಪ ಫೋನನ್ನು ನೋಡಿದ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಸ್ವಂತ ಭಾಷೆಯವಳೇ ಬೆನ್ನಿಗೆ ಚೂರಿ ಹಾಕಿದಳು ಎನ್ನುವ ನೋಟ. ಎಲ್ಲ ಮುಗಿಯಿತು ಎಂದುಕೊಂಡು ನಾನು, ಮೇಲಿನ ಕೋಣೆಯಿಂದ ಏನೇನು ತೆಗೆದುಕೊಂಡು ಹೋಗಬೇಕು ಎಂದು ಮನಸ್ಸಿನಲ್ಲೇ ಜೋಡಿಸತೊಡಗಿದೆ. ಮಾರ್ಗರೆಟ್ ಪೆನ್ನು ಕೆಳಗಿಟ್ಟರು. ಯಾರನ್ನೂ ಎತ್ತಿಕೊಂಡು ಹೋಗಲು ನಾನು ಬಂದಿಲ್ಲ, ತಿಳಿದುಕೊಳ್ಳಲು ಬಂದಿದ್ದೇನೆ ಎಂದರು. ಅವರ ಮಾತು ಕನ್ನಡವಾಗುವವರೆಗೂ ಅವ್ವ ಕಾಯಲಿಲ್ಲ. ಒಲೆಗೆ ಹೋಗಿ ಸಣ್ಣ ಬಟ್ಟಲಲ್ಲಿ ಹರಳೆಣ್ಣೆ ಬೆಚ್ಚಗೆ ಮಾಡಿ ತಂದು, ಕೈ ಇಲ್ಲಿ ಕೊಡ್ರಿ ಎಂದಳು. ಮಾರ್ಗರೆಟ್ ಕೋಟಿನ ತೋಳು ಸರಿಸಿ ಕೈ ಚಾಚಿದರು. ಅವ್ವ ಅವರ ಮಣಿಕಟ್ಟಿನ ಒಳಗಡೆ ಎರಡು ಹನಿ ಬಿಟ್ಟು, ಹೆಬ್ಬೆರಳಿನಿಂದ ತಿಕ್ಕಿದಳು. ಸುಡುತ್ತದೆಯೇ ಎಂದು ಕೇಳಿದಳು, ಫೋನು ಅದನ್ನೂ ಇಂಗ್ಲಿಷಿನಲ್ಲಿ ಕೇಳಿತು. ಇಲ್ಲ ಎಂದರು ಅವರು. ಆಗ ದುಭಾಷಿ ಹೆಂಗಸು ತಾನೊಂದು ವಿಷಯ ಸ್ಪಷ್ಟಪಡಿಸಬಹುದೇ ಎಂದು ಇಬ್ಬರ ಒಪ್ಪಿಗೆಯನ್ನೂ ಕೇಳಿ, ಕನ್ನಡದವರು ಊಟದ ಅಂಗಡಿಗೆ ಹೋಟೆಲ್ ಅನ್ನುತ್ತಾರೆ, ಎದುರಿಗೆ ಬಂದ ಗಂಡಸರಿಗೆಲ್ಲ ಅಂಕಲ್ ಅನ್ನುತ್ತಾರೆ ಎಂದು ವಿವರಿಸಿದರು. ಮಾರ್ಗರೆಟ್ ಆರು ಮೇಜುಗಳನ್ನೂ, ಕವುಚಿಟ್ಟ ಕುರ್ಚಿಗಳನ್ನೂ, ಆರಿಹೋದ ನನ್ನ ತಟ್ಟೆಯನ್ನೂ ನಿಧಾನವಾಗಿ ನೋಡಿದರು. ಮೇಲೆ ಹೋಗಿ ನಮ್ಮ ಎರಡು ಕೋಣೆಗಳನ್ನೂ ನೋಡಿ ಬಂದರು. ಹೋಗುವಾಗ ಅವ್ವನ ಕೈ ಕುಲುಕಿದರು. ಇಬ್ಬರ ಕೈಯಲ್ಲೂ ಎಣ್ಣೆ. ಮುಂದೇನೂ ಕ್ರಮವಿಲ್ಲ ಎಂದು ಆಮೇಲೆ ಒಂದು ಕಾಗದ ಬಂತು.

ಅವರು ಓಣಿ ದಾಟುವವರೆಗೂ ಅಪ್ಪ ಬಾಗಿಲಲ್ಲಿ ನಿಂತಿದ್ದು, ಬಾಗಿಲು ಹಾಕಿ ಕುರ್ಚಿಯ ಮೇಲೆ ಕುಸಿದ. ಅವ್ವ ನನ್ನ ಕಡೆ ಬಂದಳು. ಅಪ್ಪಿಕೊಳ್ಳುತ್ತಾಳೆ ಎಂದುಕೊಂಡು ನಾನು ಎದ್ದು ನಿಂತೆ. ಕೆನ್ನೆಗೆ ಫಟಾರನೆ ಒಂದು ಬಿತ್ತು. ಎಣ್ಣೆಯ ಕೈ, ಏಟಿಗಿಂತ ಅದರ ವಾಸನೆಯೇ ಮೊದಲು ತಟ್ಟಿತು.

"ಬರ್ದದ್ದಕ್ಕಲ್ಲ. ಖರೇ ಬರ್ದು, ಸುಳ್ಳ ಅಂತ ಅಂದ್ಯಲ್ಲ, ಅದಕ್ಕ."

ಅವ್ವ ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಹೊಡೆದು ಅವಳೇ ಜೋರಾಗಿ ಅತ್ತಳು, ನಾನು ಅಳುವುದನ್ನೂ ಮರೆತು ನಿಂತಿದ್ದೆ. ಮಾರನೆಯ ದಿನ ಶಾಲೆಯಲ್ಲಿ ಮಿಸ್ ಕೆಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ನನ್ನ ಎತ್ತರಕ್ಕೆ ಬಗ್ಗಿ ಕೂತು, ಮನೆಯಲ್ಲಿ ಎಲ್ಲ ಸರಿಯಿದೆಯಾ, ನಿನಗೆ ಯಾರಾದರೂ ಹೊಡೆದರಾ ಎಂದು ಕೇಳಿದಳು. ಅವಳ ಕಣ್ಣಲ್ಲಿ ನಿಜವಾದ ಕಾಳಜಿ ಇತ್ತು. ನಿಜವನ್ನೇ ಹೇಳಬೇಕು ಎಂದು ನನಗೆ ಹಿಂದಿನ ದಿನವಷ್ಟೇ ಕಲಿಸಿದ್ದರು. ನಾನು ಅವಳ ಕಣ್ಣನ್ನೇ ನೋಡುತ್ತ, ಇಲ್ಲ, ಯಾರೂ ಹೊಡೆದಿಲ್ಲ ಎಂದೆ. ಇದು ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ.